ಸ್ವಂತ ಪಾತ್ರದ ಡಿಜಿಟಲ್ ಶಿಲ್ಪ: ಮುಖಕ್ಕೆ ಜೀವ ಬರುತ್ತಿಲ್ಲ, ನಿಮ್ಮ ಅನುಭವ ಹೇಳಿ

ಕೇಳಿದವರು: ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜಿ ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದ್ದಾಳೆ. ಕಾರ್ಟೂನ್ ಶೈಲಿಯವಳು. ಕಾಗದದ ಮೇಲೆ ಚೆನ್ನಾಗಿ ಬಂದಳು. ಬ್ಲೆಂಡರ್ ಎಂಬ 3D ತಂತ್ರಾಂಶದಲ್ಲಿ ಸ್ಕಲ್ಪ್ಟ್ ಮಾಡಲು (ಕೆತ್ತಲು) ಕೂತು ಮೂರು ವಾರವಾಯಿತು. ಸುಕ್ಕು, ಹುಬ್ಬು, ಸೀರೆಯ ನೆರಿಗೆ ಎಲ್ಲ ಕೆತ್ತಿದ್ದೇನೆ, ಆದರೂ ನಿರ್ಜೀವ ಬೊಂಬೆಯ ಹಾಗೆ ನಿಂತಿದ್ದಾಳೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1: ಸುಕ್ಕುಗಳನ್ನು ಸದ್ಯಕ್ಕೆ ಮರೆತುಬಿಡಿ. ನಾನು ಮೊದಲು ಮಾಡಿದ್ದು ಒಬ್ಬ ದಪ್ಪ ಅಂಚೆಯಣ್ಣ. ಮೂಗಿನ ಮೇಲಿನ ರಂಧ್ರಗಳವರೆಗೂ ಕೆತ್ತಿದ್ದೆ. ಒಂದು ದಿನ ವ್ಯೂಪೋರ್ಟ್‌ನ (ಮಾಡೆಲ್ ಕಾಣುವ ಕಿಟಕಿಯ) ಲೈಟಿಂಗನ್ನು ಫ್ಲ್ಯಾಟ್ ಮಾಡಿ, ಅಂದರೆ ನೆರಳೇ ಇಲ್ಲದ ಹಾಗೆ ಮಾಡಿ, ಬಣ್ಣ ಕಪ್ಪು ಕೊಟ್ಟು ನೋಡಿದೆ. ತಲೆ, ಹೊಟ್ಟೆ, ಚೀಲ ಯಾವುದೂ ಬೇರೆಯಾಗಿ ಗೊತ್ತಾಗದ ಒಂದೇ ಮುದ್ದೆ! ಅವತ್ತೇ ವೋಕ್ಸೆಲ್ (ಆಕಾರವನ್ನು ಭಾಗ ಮಾಡುವ ಪುಟ್ಟ ಘನ) ಅಳತೆ ದೊಡ್ಡದು ಮಾಡಿ ರಿಮೆಶ್ ಕೊಟ್ಟೆ, ಅಂದರೆ ಮೇಲ್ಮೈಯ ಜಾಲವನ್ನು ಹೊಸದಾಗಿ, ಒರಟಾಗಿ ಹೆಣೆಸಿದೆ. ಎರಡು ತಿಂಗಳ ಸೂಕ್ಷ್ಮ ಕೆಲಸವೆಲ್ಲ ಅಳಿಸಿಹೋಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಆದರೆ ಒಂದೇ ಗಂಟೆಯಲ್ಲಿ ಹೊಟ್ಟೆ ಕೆಳಗಿಳಿಸಿ, ಚೀಲದ ಭಾರಕ್ಕೆ ಒಂದು ಭುಜ ಜಗ್ಗಿಸಿದೆ. ಮನುಷ್ಯ ಎದ್ದು ಬಂದ.

ಮೆಶ್ (ಆ ಜಾಲ) ಹಗುರವಾಗಿದ್ದರೆ, ಅಂದರೆ ಅದರಲ್ಲಿ ಬಿಂದುಗಳು ಕಡಿಮೆ ಇದ್ದರೆ, ಹಿಡಿದೆಳೆಯುವ ಗ್ರ್ಯಾಬ್ ಬ್ರಷ್‌ನ ಒಂದು ಎಳೆತಕ್ಕೆ ಇಡೀ ಕೆನ್ನೆ ಸರಾಗವಾಗಿ ಸರಿಯುತ್ತದೆ. ದಟ್ಟವಾಗಿದ್ದರೆ ಅಲ್ಲಲ್ಲಿ ಗಂಟು, ಗುಳಿ ಏಳುತ್ತವೆ, ಅದನ್ನು ನಯ ಮಾಡುವುದರಲ್ಲೇ ದಿನ ಕಳೆಯುತ್ತದೆ. ಒಂದು ಎಚ್ಚರಿಕೆ: ವೋಕ್ಸೆಲ್‌ಗಿಂತ ತೆಳುವಾದ ಭಾಗಗಳು ರಿಮೆಶ್‌ನಲ್ಲಿ ತೂತು ಬೀಳುತ್ತವೆ. ಕನ್ನಡಕ, ಸೆರಗು ಬೇರೆ ಆಬ್ಜೆಕ್ಟ್ ಆಗಿಯೇ ಇರಲಿ. ಹಳೆಯ ಫೈಲಿನ ಒಂದು ಪ್ರತಿಯನ್ನೂ ಇಟ್ಟುಕೊಳ್ಳಿ.

ಆಮೇಲೆ ಅಳತೆ. ನಿಜವಾದ ವಯಸ್ಕರ ಎತ್ತರ ಸುಮಾರು 7.5 ತಲೆಯಷ್ಟು. ಕಾರ್ಟೂನ್ ಪಾತ್ರವನ್ನು 3 ಅಥವಾ 4 ತಲೆಗೆ ಇಳಿಸಬಹುದು, ಆದರೆ ಎಲ್ಲವನ್ನೂ ಒಂದೇ ಸಮ ಕುಗ್ಗಿಸಿದರೆ ಅದು ಬರೀ ಕುಳ್ಳ ಮನುಷ್ಯ. ಯಾವುದನ್ನು ಹಿಗ್ಗಿಸಬೇಕು ಎಂಬುದನ್ನು ಅಜ್ಜಿಯ ಕಸುಬೇ ಹೇಳಲಿ. ಜೀವಮಾನವೆಲ್ಲ ಮೇಜಿನ ಮೇಲೆ ಬಗ್ಗಿದವಳ ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ. ಮೈ ಚಿಕ್ಕದು, ಬೆರಳು ಉದ್ದ.

ಉತ್ತರ 2: ಕ್ಯಾಮೆರಾ ನೋಡಿಕೊಳ್ಳಿ. ವ್ಯೂಪೋರ್ಟ್ ಫೋಕಲ್ ಲೆಂತ್ (ಲೆನ್ಸ್‌ನ ನೋಟ ಎಷ್ಟು ಅಗಲ ಎಂದು ಹೇಳುವ ಅಳತೆ) ನಾವು ಬದಲಿಸದಿದ್ದರೆ 50 ಮಿ.ಮೀ. ಇರುತ್ತದೆ. ಹತ್ತಿರದಿಂದ ನೋಡಿದರೆ ಮೂಗು ಮುಂದೆ ಬಂದು ಕಿವಿ ಹಿಂದೆ ಸರಿದಂತೆ ಕಾಣುತ್ತದೆ, ನೀವು ಇಲ್ಲದ ತಪ್ಪನ್ನು ತಿದ್ದಲು ಹೋಗುತ್ತೀರಿ. ಮುಖಕ್ಕೆ ನಾನು 85 ಇಟ್ಟುಕೊಳ್ಳುತ್ತೇನೆ.

ಉತ್ತರ 3: ಮುಖ ಸತ್ತಂತೆ ಕಂಡರೆ ನಾನು ಮೊದಲು ನೋಡುವುದು ರೆಪ್ಪೆಯನ್ನು. ಕಣ್ಣುಗುಡ್ಡೆಗೆ ಬೇರೆಯದೇ ಗೋಳ ಇಡಿ, ರೆಪ್ಪೆ ಅದಕ್ಕೆ ಸುತ್ತಿಕೊಂಡು ಕೂರಬೇಕು. ಸೀಳಿದ ಕಾಗದದಂಥ ರೆಪ್ಪೆ ಬೇಡ, ಅದಕ್ಕೆ ದಪ್ಪ ಬೇಕು. ಆ ದಪ್ಪದ ಅಂಚಿನ ಮೇಲೆ ಬೆಳಕು ಸಣ್ಣ ಗೆರೆಯಾಗಿ ಬಿದ್ದಾಗಲೇ ಕಣ್ಣು ಒದ್ದೆಯಾಗಿ, ನೋಡುತ್ತಿರುವಂತೆ ಕಾಣುವುದು. ಹೊರ ಮೂಲೆಯಲ್ಲಿ ಮೇಲಿನ ರೆಪ್ಪೆ ಕೆಳಗಿನದರ ಮೇಲೆ ಚೂರು ಹಾಯುತ್ತದೆ, ಅದನ್ನು ಬಿಡಬೇಡಿ. ಕೆಳಗೆ ನೋಡುವಾಗ ಮೇಲಿನ ರೆಪ್ಪೆಯೂ ಗುಡ್ಡೆಯ ಜೊತೆ ಇಳಿಯುತ್ತದೆ. ನಿಮ್ಮ ಅಜ್ಜಿ ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಳ್ಳುತ್ತಾಳೆ ತಾನೇ? ಹಾಗಾದರೆ ಆ ಕಡೆ ಹುಬ್ಬು ಇಳಿದು, ಕೆನ್ನೆ ಮೇಲೆದ್ದು ಗಾಜನ್ನು ಹಿಡಿದಿರಬೇಕು. ಸಿಮೆಟ್ರಿಯನ್ನು (ಒಂದು ಬದಿ ಕೆತ್ತಿದ್ದು ಇನ್ನೊಂದು ಬದಿಗೂ ಬರುವ ಸೌಲಭ್ಯ) ಆಫ್ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಉತ್ತರ 4: ಮೊದಲ ಉತ್ತರ ಒಪ್ಪುತ್ತೇನೆ, ಒಂದು ಮಾತು ಸೇರಿಸಬೇಕು. ಕಾಗದದ ಚಿತ್ರ ಒಂದೇ ಕೋನದ್ದು. ಓರೆಯಾಗಿ ಬಿಡಿಸಿದ ಮೂಗು, ಬಾಯಿ ಮುಂದಿನಿಂದ ಎಲ್ಲಿ ಬರುತ್ತವೆ ಎಂದು ಚಿತ್ರ ಹೇಳುವುದೇ ಇಲ್ಲ. ಚಿತ್ರವನ್ನೇ ನಕಲು ಮಾಡಲು ಹೋಗಿ ನನ್ನ ಒಂದು ಪಾತ್ರ ಆ ಕೋನ ಬಿಟ್ಟರೆ ಬೇರೆಲ್ಲೂ ನಿಲ್ಲಲಿಲ್ಲ. ಈಗ ಚಿತ್ರದಿಂದ ಭಾವ ಮಾತ್ರ ತೆಗೆದುಕೊಳ್ಳುತ್ತೇನೆ. ತಲೆಯನ್ನು ಸದಾ ತಿರುಗಿಸುತ್ತ, ಮೇಲಿನಿಂದ, ಗದ್ದದ ಕೆಳಗಿನಿಂದ ನೋಡುತ್ತ ಕೆತ್ತುತ್ತೇನೆ. ಅನಿಮೇಷನ್ ಬೇಕಿದ್ದರೆ ರಿಟೊಪಾಲಜಿ ಮಾಡಿ, ಅಂದರೆ ಶಿಲ್ಪದ ಮೇಲೆ ಅಚ್ಚುಕಟ್ಟಾದ ಹೊಸ ಮೆಶ್ ಹೆಣೆಯಿರಿ, ಕಣ್ಣು ಬಾಯಿಯ ಸುತ್ತ ಉಂಗುರದ ಹಾಗೆ ಲೂಪ್ (ಮೆಶ್ ಗೆರೆಗಳ ಸುತ್ತು) ಇರಲಿ. ಅದು ಆಮೇಲಿನ ಮಾತು.

ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ಈಗಷ್ಟೇ ಕಪ್ಪು ಬಣ್ಣ ಕೊಟ್ಟು ನೋಡಿದೆ. ಅಜ್ಜಿಯ ಕುತ್ತಿಗೆ ಕಂಬದ ಹಾಗೆ ನೆಟ್ಟಗಿದೆ! ಪ್ರತಿ ಉಳಿಸಿಕೊಂಡು ರಿಮೆಶ್ ಮಾಡಿದ್ದೇನೆ, ಸುಕ್ಕೆಲ್ಲ ಹೋಯಿತು. ಕುತ್ತಿಗೆಯಿಂದ ಶುರು ಮಾಡುತ್ತಿದ್ದೇನೆ.