ಜೀನ್ ಸೇರಿಸಿದ ಥಾಮ್ಸನ್ ಸಸಿಗೆ ಮುಂಗಡ ಕೊಡಬಹುದಾ?

ಪ್ರಶ್ನೆ (ತಿಕೋಟಾ ಕಡೆಯ ಬೆಳೆಗಾರರು): ಮೇಡಂ, ನಮಸ್ಕಾರ. ನಮ್ಮದು 4 ಎಕರೆ ಥಾಮ್ಸನ್ ದ್ರಾಕ್ಷಿ ಪಡ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಮಳೆ ಹಿಡಿದರೆ ಸಾಕು, ಡೌನಿ ಅನ್ನುವ ಬೂಜು ರೋಗ ಬಂದು ಗೊನೆಯೆಲ್ಲ ಹೋಗುತ್ತದೆ. ಔಷಧಿ ಹೊಡೆದು ಹೊಡೆದು ಸಾಕಾಗಿದೆ. ಈಗ ಒಬ್ಬರು ಬಂದು, ಬ್ಯಾಕ್ಟೀರಿಯಾದಿಂದ ಜೀನ್ ಸೇರಿಸಿದ ಸಸಿ ಇದೆ, ಡೌನಿ ಬರುವುದೇ ಇಲ್ಲ, ಮುಂಗಡ ಕೊಡಿ ಅಂತಿದ್ದಾರೆ. ಬಿಎಸ್ಸಿ ಓದುವ ಮಗಳು ಅಂಥ ವಿಧಾನ ಇರುವುದು ನಿಜ ಅಂತಾಳೆ. ಕೊಡಲಾ?

ಉತ್ತರ: ಕೊಡಬೇಡಿ ಅಣ್ಣಾರೆ. ಮಗಳ ಮಾತು ನಿಜ, ಆದರೆ ಆ ಸಸಿಯ ಮಾತು ನಂಬಬೇಡಿ. ಹೀಗೆ ಹೊರಗಿನ ಜೀನ್ ಸೇರಿಸಿದ ಬೆಳೆ ಅಂತ ನಮ್ಮ ದೇಶದಲ್ಲಿ ರೈತರಿಗೆ ಮಾರಲು ಒಪ್ಪಿಗೆ ಸಿಕ್ಕಿ ಹೊಲಕ್ಕೆ ಬಂದಿರುವುದು ಬಿಟಿ ಹತ್ತಿ ಒಂದೇ, ಅದೂ 2002ರಲ್ಲಿ. ಬಿಟಿ ಬದನೆಯನ್ನು 2010ರಲ್ಲಿ ಸರ್ಕಾರ ತಡೆಹಿಡಿಯಿತು. ದ್ರಾಕ್ಷಿಗೆ ಅಂಥ ಒಪ್ಪಿಗೆ ಇಲ್ಲ. ಅವರ ಹತ್ತಿರ ಇರುವುದು ಗಿಡದ ಚೂರಿನಿಂದ ಲ್ಯಾಬ್‌ನಲ್ಲಿ ಬೆಳೆಸಿದ ಮಾಮೂಲಿ ಟಿಶ್ಯೂ ಕಲ್ಚರ್ ಸಸಿಯೇ ಇರಬಹುದು. ಅದು ಬೇರೆ, ಇದು ಬೇರೆ.

ಆ ಬ್ಯಾಕ್ಟೀರಿಯಾ ಹೆಸರು ಅಗ್ರೋಬ್ಯಾಕ್ಟೀರಿಯಂ. ಮಣ್ಣಿನಲ್ಲಿರುತ್ತದೆ. ಗಿಡಕ್ಕೆ ಗಾಯವಾದರೆ ಅಲ್ಲಿಂದ ಒಂದು ರಸಾಯನ ಸೋರುತ್ತದೆ, ಅದರ ಸುಳಿವು ಹಿಡಿದು ಬಂದು ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಜೀವಕೋಶದೊಳಗೆ ಸೇರಿಸಿಬಿಡುತ್ತದೆ. ಆಮೇಲೆ ಗಿಡ ಅದರ ಮಾತು ಕೇಳುತ್ತದೆ. ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗಿ ಅಲ್ಲಿ ಗಂಟು ಕಟ್ಟುತ್ತದೆ. ಆ ತುಂಡು ನಿಜವಾಗಿಯೂ ಗಿಡದೊಳಗೆ ಹೋಗುತ್ತದೆ ಅಂತ ವಿಜ್ಞಾನಿ ಮೇರಿ ಡೆಲ್ ಚಿಲ್ಟನ್ ಮತ್ತು ಅವರ ಜೊತೆಯವರು 1977ರಲ್ಲಿ ತೋರಿಸಿದರು. ಗಂಟು ಕಟ್ಟಿಸುವ ಜೀನ್‌ಗಳನ್ನು ತೆಗೆದು ಆ ಜಾಗದಲ್ಲಿ ನಮಗೆ ಬೇಕಾದ ಜೀನ್ ಇಟ್ಟರೆ, ಬ್ಯಾಕ್ಟೀರಿಯಾ ಅದನ್ನೂ ಹಾಗೇ ಒಳಗೆ ತಲುಪಿಸುತ್ತದೆ.

ಪ್ರಶ್ನೆ (ಅದೇ ಮನೆಯ ಮಗಳು): ಮೇಡಂ, ಅಷ್ಟು ಸುಲಭ ಇದ್ದರೆ ದ್ರಾಕ್ಷಿಯಲ್ಲಿ ಯಾಕೆ ಇಷ್ಟು ತಡ?

ಉತ್ತರ: ಜೀನ್ ಒಳಗೆ ಹೋಗುವುದು ಅರ್ಧ ಕೆಲಸವೂ ಅಲ್ಲವಮ್ಮ. ಹೋಗಿದ್ದು ಕೆಲವೇ ಕೋಶಗಳಿಗೆ. ಆ ಒಂದೊಂದು ಕೋಶದಿಂದ ಇಡೀ ಬಳ್ಳಿ ಬೆಳೆಸಬೇಕು. ತಂಬಾಕಿನಲ್ಲಿ ಎಲೆಯ ಚೂರು ಇಟ್ಟರೆ ಚಿಗುರು ಬರುತ್ತದೆ, ದ್ರಾಕ್ಷಿ ಹಾಗೆ ಬಗ್ಗುವುದಿಲ್ಲ. ಅದಕ್ಕೇ ಅರಳುವ ಮೊದಲಿನ ಮೊಗ್ಗು ಬಿಡಿಸಿ ಒಳಗಿನ ಕೇಸರ ಅಥವಾ ಅಂಡಾಶಯ ತೆಗೆದು ಕತ್ತಲಲ್ಲಿ ಬೆಳೆಸುತ್ತಾರೆ. ತಿಂಗಳುಗಟ್ಟಲೆ ಕಾದರೆ ಕೆಲವೇ ಚೂರುಗಳಲ್ಲಿ ಕೆನೆ ಬಣ್ಣದ, ರವೆಯಂಥ ಮುದ್ದೆ ಬರುತ್ತದೆ. ಅದರಲ್ಲಿ ಬೀಜವಿಲ್ಲದೆಯೇ ಭ್ರೂಣ ಮೂಡುತ್ತದೆ. ಆ ಮುದ್ದೆಯನ್ನೇ ಬ್ಯಾಕ್ಟೀರಿಯಾದ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಎರಡು ಮೂರು ದಿನ ಜೊತೆಗೆ ಬಿಡುವುದು.

ಆಮೇಲೆ ಶುರು ಕಷ್ಟ. ಬ್ಯಾಕ್ಟೀರಿಯಾ ಸಾಯಿಸಲು ಸೆಫೊಟ್ಯಾಕ್ಸಿಮ್ ಅನ್ನುವ ಆ್ಯಂಟಿಬಯಾಟಿಕ್ ಹಾಕಬೇಕು. ಜೀನ್ ಸೇರದ ಕೋಶ ಬೆಳೆಯದಿರಲಿ ಅಂತ ಕ್ಯಾನಮೈಸಿನ್ ಅನ್ನುವ ಇನ್ನೊಂದು ಆ್ಯಂಟಿಬಯಾಟಿಕ್ ಹಾಕಬೇಕು, ಅದು ಸ್ವಲ್ಪ ಜಾಸ್ತಿಯಾದರೂ ದ್ರಾಕ್ಷಿ ತಾಳದು. ಬ್ಯಾಕ್ಟೀರಿಯಾ ತಾಗಿದ್ದಕ್ಕೇ ಮುದ್ದೆ ಕಂದಾಗಿ ಸಾಯುವುದೂ ಇದೆ. ನಾನು ಲ್ಯಾಬ್‌ನಲ್ಲಿದ್ದಾಗ ಬೆಳಿಗ್ಗೆ ಬಂದು ತಟ್ಟೆ ನೋಡಿದರೆ ಎಲ್ಲ ಕಪ್ಪಾಗಿರುತ್ತಿತ್ತು, ಹೊಟ್ಟೆ ಚುರ್ ಅನ್ನುತ್ತಿತ್ತು. ಉಳಿದ ಭ್ರೂಣದಲ್ಲಿ ಕೆಲವು ಬೇರು ಬಿಟ್ಟು ಚಿಗುರು ಬಿಡದೆ ನಿಂತುಬಿಡುತ್ತವೆ. ಇಷ್ಟೆಲ್ಲ ದಾಟಿ ಕುಂಡಕ್ಕೆ ಬಂದ ಗಿಡದಲ್ಲಿ ಜೀನ್ ಇದೆಯಾ, ಕೆಲಸ ಮಾಡುತ್ತಿದೆಯಾ, ಡೌನಿ ನಿಜಕ್ಕೂ ತಡೆಯುತ್ತದೆಯಾ, ಎಲ್ಲ ಮತ್ತೆ ನೋಡಬೇಕು.

ಪ್ರಶ್ನೆ (ಬಬಲೇಶ್ವರ ಕಡೆಯವರು): ಇದರ ಬದಲು ರೋಗ ತಡೆಯುವ ತಳಿ ಜೊತೆ ಕ್ರಾಸ್ ಮಾಡಿದರೆ ಆಗಲ್ವಾ?

ಉತ್ತರ: ಆಗುತ್ತದೆ, ಮಾಡುತ್ತಲೂ ಇದ್ದಾರೆ. ಆದರೆ ಕ್ರಾಸ್‌ನಲ್ಲಿ ಹುಟ್ಟಿದ್ದು ಥಾಮ್ಸನ್ ಆಗಿ ಉಳಿಯುವುದಿಲ್ಲ. ರುಚಿ, ಸಿಪ್ಪೆ, ಮಣೂಕದ (ಒಣದ್ರಾಕ್ಷಿ) ಬಣ್ಣ ಎಲ್ಲ ಬದಲಾಗುತ್ತದೆ. ಸೋನಾಕಾ, ಮಾಣಿಕ್ ಚಮನ್ ತಳಿಗಳೂ ಕ್ರಾಸ್ ಅಲ್ಲ, ಥಾಮ್ಸನ್ ಬಳ್ಳಿಯಲ್ಲೇ ಬೇರೆಯಾಗಿ ಕಂಡಿದ್ದನ್ನು ಆರಿಸಿ ಬೆಳೆಸಿದ್ದು. ಇರುವ ತಳಿಯನ್ನು ಇದ್ದ ಹಾಗೇ ಇಟ್ಟು ಒಂದೇ ಗುಣ ಸೇರಿಸುವ ಆಸೆ ಈ ಬ್ಯಾಕ್ಟೀರಿಯಾ ವಿಧಾನದಲ್ಲಿ ಇದೆ. ಅದಕ್ಕೇ ನನಗೆ ಇದನ್ನು ಬಿಟ್ಟುಬಿಡಿ ಅನ್ನಲು ಮನಸ್ಸಿಲ್ಲ.

ಪ್ರಶ್ನೆ (ಮೊದಲಿನವರು): ನಮ್ಮ ಎರಡು ಗಿಡದ ಬುಡದಲ್ಲೂ ಗಂಟು ಇದೆ. ಇದೇನಾ ಅದು?

ಉತ್ತರ: ಇರಬಹುದು, ದ್ರಾಕ್ಷಿಗೇ ಅಂಟುವ ಅಗ್ರೋಬ್ಯಾಕ್ಟೀರಿಯಂ ಬಳಗದ್ದೊಂದಿದೆ. ಬೇರಿಗೆ ಬೇರೆ ಕಾರಣದಿಂದಲೂ ಗಂಟು ಬರುತ್ತದೆ, ಅದಕ್ಕೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದವರಿಗೆ ತೋರಿಸಿ. ಅಲ್ಲಿಯವರೆಗೆ ಆ ಗಿಡಗಳಿಂದ ಹೊಸ ಸಸಿಗೆ ಕಡ್ಡಿ ತೆಗೆಯಬೇಡಿ, ಹೊರಗೆ ಚೆನ್ನಾಗಿ ಕಂಡರೂ ಕಡ್ಡಿಯೊಳಗೆ ಬ್ಯಾಕ್ಟೀರಿಯಾ ಇರಬಹುದು. ಚಾಟ್ನಿ ಮಾಡುವಾಗ ಅವನ್ನು ಕೊನೆಗೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಮಗಳಿಗೆ ಒಂದು ಮಾತು. ಅಕ್ಟೋಬರ್ ಚಾಟ್ನಿ ಆಗಿ ಒಂದು ತಿಂಗಳ ಹೊತ್ತಿಗೆ, ಹೂವು ಅರಳುವ ಮೊದಲು, ಒಂದು ಮೊಗ್ಗಿನ ಟೋಪಿ ಬಿಚ್ಚಿ ಲೆನ್ಸ್ ಹಿಡಿದು ನೋಡು. ಕೇಸರದ ತಲೆ ಇನ್ನೂ ತಿಳಿಹಸಿರಾಗಿ, ಪಾರದರ್ಶಕವಾಗಿದ್ದರೆ ಲ್ಯಾಬ್‌ನಲ್ಲಿ ಆ ಮುದ್ದೆ ಬೆಳೆಸಲು ನಮಗೆ ಬೇಕಾದ ಹಂತ ಅದೇ. ಹಳದಿಯಾದರೆ ತಡವಾಯಿತು. ಏಪ್ರಿಲ್ ಚಾಟ್ನಿಯ ಬೆಳೆಯಲ್ಲಿ ಗೊನೆ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಆ ಕೆಲವು ದಿನ ತಪ್ಪಿದರೆ ಇಲ್ಲಿ ಮತ್ತೆ ಒಂದು ವರ್ಷ ಕಾಯಬೇಕು. ನಿಮ್ಮ ಚಾಟ್ನಿ ಯಾವ ತಾರೀಖು ಅಂತ ಹೇಳು, ಮೊಗ್ಗು ನೋಡಲು ನಾನೂ ಬರುತ್ತೇನೆ.