ಹೇನು ಹೆಕ್ಕಿಸಿಕೊಂಡ ಮೇಲೆ ಮಂಗ ಜಾಸ್ತಿ ಮೈ ಕೆರೆಯುತ್ತಿದೆ, ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಪೆರ್ಲದ ತೋಟದವ

ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಮೇಲಿನ ಗುಡ್ಡೆಯಿಂದ ದಿನಾ ಬೆಳಿಗ್ಗೆ ಮಂಗಗಳ ಒಂದು ಹಿಂಡು ಇಳಿದು ಬರುತ್ತದೆ. ತಲೆ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ನಮ್ಮೂರ ಮಾಮೂಲಿ ಮಂಗಗಳೇ. ಮೂರು ವಾರದಿಂದ ಜಗಲಿಯಲ್ಲಿ ಕೂತು ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದೇನೆ.

ಒಂದು ಮಂಗ ಇನ್ನೊಂದರ ಹೇನು ಹೆಕ್ಕಿದರೆ ಹೆಕ್ಕಿಸಿಕೊಂಡದ್ದರ ಆತಂಕ ಇಳಿಯುತ್ತದೆ, ಆತಂಕ ಇದ್ದಾಗ ಮಂಗ ಜಾಸ್ತಿ ಮೈ ಕೆರೆಯುತ್ತದೆ ಅಂತ ಓದಿದ್ದೆ. ಹಾಗಿದ್ದರೆ ಹೆಕ್ಕಿಸಿಕೊಂಡ ಮೇಲೆ ಕೆರೆತ ಕಮ್ಮಿ ಆಗಬೇಕು ಅಲ್ವಾ? ನನ್ನ ಪುಸ್ತಕದಲ್ಲಿ ಉಲ್ಟಾ ಬಂದಿದೆ. ಹೆಕ್ಕುವಾಗ ಹತ್ತು ನಿಮಿಷಕ್ಕೆ ಒಂದೋ ಎರಡೋ ಸಲ. ಮುಗಿದ ಮೇಲೆ ಹತ್ತು ನಿಮಿಷಕ್ಕೆ ಆರು, ಏಳು ಸಲ.

ಹರಕು ಕಿವಿಯ ಒಂದು ಹೆಣ್ಣಿದೆ. ಹಲಸಿನ ಕೊಂಬೆಯಲ್ಲಿ ಕೈ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ ಮಲಗುತ್ತದೆ. ಹೆಕ್ಕುವವಳು ಎರಡೂ ಕೈಯಲ್ಲಿ ಕೂದಲು ಬಿಡಿಸಿ, ಏನೋ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅವಳು ಎದ್ದು ಹೋದ ತಕ್ಷಣ ಹರಕು ಕಿವಿ ನೆಟ್ಟಗೆ ಕೂತು, ಆಚೀಚೆ ನೋಡಿ, ಕಂಕುಳು ಕೆರೆಯಲು ಶುರು ಮಾಡುತ್ತದೆ. ನಾನು ನೋಡುವ ಕ್ರಮ ತಪ್ಪಾ?

ಬದಿಯಡ್ಕದ ಮಾಷ್ಟ್ರು

ಒಳ್ಳೆ ಕೆಲಸ ಹಿಡಿದಿದ್ದೀರಿ. ಉತ್ತರ ಹೇಳುವ ಮೊದಲು ಕೆಲವು ವಿಷಯ ಗೊತ್ತಾಗಬೇಕು. ಯಾವ ಮಂಗವನ್ನು ನೋಡಬೇಕು ಅಂತ ಹೇಗೆ ಆರಿಸುತ್ತೀರಿ? ಹೆಕ್ಕುವವಳ ಲೆಕ್ಕವನ್ನೂ ಬರೆಯುತ್ತೀರಾ? ಆ ಮೂರು ವಾರದಲ್ಲಿ ಮಳೆ, ಜಗಳ, ಗರ್ನಾಲು (ದೊಡ್ಡ ಸದ್ದಿನ ಪಟಾಕಿ) ಏನಾದರೂ ಇತ್ತಾ?

ಪೆರ್ಲದ ತೋಟದವ

ಆರಿಸುವುದು ಅಂತ ಏನೂ ಇಲ್ಲ ಮಾಷ್ಟ್ರೇ, ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ. ಹೆಕ್ಕುವವಳದ್ದು ಬರೆದಿಲ್ಲ. ಪಕ್ಕದ ತೋಟದಲ್ಲಿ ಎರಡು ದಿನ ಗರ್ನಾಲು ಹೊಡೆದಿದ್ದರು. ನಾಲ್ಕು ದಿನ ಮಳೆ.

ಬದಿಯಡ್ಕದ ಮಾಷ್ಟ್ರು

ತೊಂದರೆ ಮೊದಲನೆಯದರಲ್ಲೇ ಇದೆ. ಕಣ್ಣಿಗೆ ಬಿದ್ದದ್ದನ್ನು ಬರೆದರೆ ಕೆರೆಯುವ ಮಂಗವೇ ಕಣ್ಣಿಗೆ ಬೀಳುತ್ತದೆ. ಸುಮ್ನೆ ಕೂತದ್ದು ಲೆಕ್ಕಕ್ಕೇ ಬರುವುದಿಲ್ಲ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ಜೀನ್ ಆಲ್ಟ್‌ಮನ್ 1974ರಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಮೊದಲೇ ಒಂದು ಪ್ರಾಣಿಯನ್ನು ಆರಿಸಿ, ಗೊತ್ತು ಮಾಡಿದಷ್ಟು ಹೊತ್ತು ಅದನ್ನು ಮಾತ್ರ ನೋಡಬೇಕು. ಹರಕು ಕಿವಿಯನ್ನೇ ಹಿಡಿಯಿರಿ. ಹೆಕ್ಕಿ ಮುಗಿದ ಮೇಲೆ ಹತ್ತು ನಿಮಿಷ ನೋಡಿ. ಮರುದಿನ ಅದೇ ಹೊತ್ತಿಗೆ, ಯಾರೂ ಹೆಕ್ಕದಿರುವಾಗ, ಮತ್ತೆ ಹತ್ತು ನಿಮಿಷ. ಈ ಎರಡನ್ನು ಹೋಲಿಸಿ. ಹೆಕ್ಕುವಾಗಿನ ಲೆಕ್ಕಕ್ಕೆ ಹೋಲಿಸಬೇಡಿ, ಆಗ ಕೆರೆಯುವ ಕೆಲಸವನ್ನು ಇನ್ನೊಬ್ಬಳ ಕೈಯೇ ಮಾಡುತ್ತಿರುತ್ತದೆ.

ಆದರೆ ಪುಸ್ತಕ ಹರಿದು ಹಾಕಬೇಡಿ. ನಿಮಗೆ ಕಂಡದ್ದು ನಿಜ ಇರಬಹುದು. ಕೆರೆತ ಆತಂಕದ ಗುರುತು ಅನ್ನುವುದು ಗಟ್ಟಿ ಮಾತು. ಏಡಿ ತಿನ್ನುವ ಮಂಗ ಅನ್ನುವ ಜಾತಿಯವಕ್ಕೆ ಆತಂಕ ಇಳಿಸುವ ಮದ್ದು ಕೊಟ್ಟಾಗ ಕೆರೆತ ಇಳಿದಿದೆ, ಏರಿಸುವ ಮದ್ದಿಗೆ ಏರಿದೆ. ಹೆಕ್ಕಿಸಿಕೊಳ್ಳುವಾಗ ಎದೆಬಡಿತ ನಿಧಾನ ಆಗುವುದನ್ನು ಹಂದಿಬಾಲದ ಮಂಗ ಅನ್ನುವ ಇನ್ನೊಂದು ಜಾತಿಯಲ್ಲಿ ಅಳೆದಿದ್ದಾರೆ. 1988ರಲ್ಲಿ ಏಡಿ ತಿನ್ನುವ ಮಂಗಗಳಲ್ಲಿ ಹೆಕ್ಕಿಸಿಕೊಂಡ ನಂತರ ಕೆರೆತ ಕಮ್ಮಿಯಾದದ್ದೂ ಕಂಡಿತ್ತು. ಎಲ್ಲರೂ ಓದುವುದು ಇದನ್ನೇ. ಆದರೆ 2013ರಲ್ಲಿ ಮೊರಾಕ್ಕೋದ ಕಾಡಿನ ಬಾರ್ಬರಿ ಮಂಗಗಳಲ್ಲಿ ನೋಡಿದವರಿಗೆ ಹೆಕ್ಕಿದ ನಂತರ ಕೆರೆತ ಜಾಸ್ತಿಯೇ ಸಿಕ್ಕಿತು, ನಿಮ್ಮ ಹಾಗೆಯೇ.

ಇನ್ನೂ ಒಂದಿದೆ. ಅದೇ ಜಾತಿಯ ಹೆಣ್ಣುಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನನ್ನು 2007ರಲ್ಲಿ ಅಳೆದಿದ್ದರು, ಜಿಬ್ರಾಲ್ಟರಿನಲ್ಲಿ. ಅಲ್ಲಿ ಹಾರ್ಮೋನು ಕಮ್ಮಿ ಇದ್ದದ್ದು ಬೇರೆಯವರ ಮೈಯನ್ನು ಜಾಸ್ತಿ ಹೆಕ್ಕುವ ಹೆಣ್ಣುಗಳಲ್ಲಿ, ಹೆಕ್ಕಿಸಿಕೊಳ್ಳುವವರಲ್ಲಿ ಅಲ್ಲ!

ಇವೆರಡು ಒಂದಕ್ಕೊಂದು ವಿರುದ್ಧ ಅಂತ ನನಗೆ ಅನ್ನಿಸುವುದಿಲ್ಲ. ಲದ್ದಿ ಹೇಳುವುದು ಹೆಚ್ಚು ಹೊತ್ತಿನ ನೆಮ್ಮದಿಯನ್ನು. ಕೆರೆತ ಹೇಳುವುದು ಆ ನಿಮಿಷದ್ದನ್ನು. ಹೆಕ್ಕುವುದು ನಿಂತ ಆ ಗಳಿಗೆ ಮಂಗಕ್ಕೆ ಕಷ್ಟದ್ದಿರಬಹುದು. ಪಕ್ಕದಲ್ಲಿದ್ದವಳು ಎದ್ದು ಹೋದಳು, ಈಗ ಯಾರು ಬಂದು ಕಚ್ಚುತ್ತಾರೋ, ತಾನು ತಿರುಗಿ ಹೆಕ್ಕಬೇಕೋ ಬೇಡವೋ. ನಿಮ್ಮ ಹರಕು ಕಿವಿ ಆಚೀಚೆ ನೋಡಿದ್ದನ್ನು ನೀವೇ ಬರೆದಿದ್ದೀರಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಸಾಲು.

ಗರ್ನಾಲಿನ ದಿನಗಳನ್ನು ಲೆಕ್ಕದಿಂದ ತೆಗೆಯಿರಿ. ಹೆಕ್ಕಿದವಳು ಯಾರು ಅಂತ ಪ್ರತಿ ಸಲ ಬರೆಯಿರಿ.

ಅಡೂರಿನ ಅಕ್ಕ

ಮಳೆ ದಿನದ್ದನ್ನೂ ತೆಗೆಯಿರಿ ತಮ್ಮಾ. ಒದ್ದೆ ಮೈ ತುರಿಸುತ್ತದೆ, ಅದಕ್ಕೆ ಆತಂಕ ಬೇಕಾಗಿಲ್ಲ. ಬಾಳೆಹಣ್ಣು ಹಾಕಿ ಹತ್ತಿರ ಕರೆಯುವ ಅಭ್ಯಾಸ ಇದ್ದರೆ ಬಿಡಿ. ಹಣ್ಣಿಗೆ ಜಗಳ ಆಗುತ್ತದೆ, ಜಗಳ ಆದ ಮೇಲೆ ಪೆಟ್ಟು ತಿಂದದ್ದು ತುಂಬಾ ಕೆರೆಯುತ್ತದೆ.

ಗುಡ್ಡೆಗೆ ಹೋಗುವುದಾದರೆ ಕಾಲು ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಉಣ್ಣಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗದ ಕ್ಯಾಸನೂರಿನಲ್ಲಿ. ಹರಡುವುದು ಉಣ್ಣಿಯಿಂದ.

ಪೆರ್ಲದ ತೋಟದವ

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಹಣ್ಣು ಹಾಕುತ್ತಿದ್ದೆ ಅಕ್ಕ, ನಿಲ್ಲಿಸಿದೆ. ಹರಕು ಕಿವಿಯನ್ನು ಮಾತ್ರ ನೋಡಿದೆ. ಮಳೆ ದಿನ ತೆಗೆದರೆ ಒಂಬತ್ತು ಜೋಡಿ ಲೆಕ್ಕ ಸಿಕ್ಕಿತು.

ಮೊದಲು ಕಂಡಷ್ಟು ದೊಡ್ಡ ವ್ಯತ್ಯಾಸ ಈಗ ಇಲ್ಲ. ಆದರೂ ಹೆಕ್ಕಿ ಮುಗಿದ ಮೊದಲ ಎರಡು ಮೂರು ನಿಮಿಷ ಕೆರೆತ ಜಾಸ್ತಿ ಇದೆ, ಆಮೇಲೆ ಇಳಿಯುತ್ತದೆ. ಹೆಕ್ಕಿದವಳ ಹೆಸರು ಬರೆಯಲು ಹೇಳಿದ್ದು ಉಪಕಾರ ಆಯಿತು ಮಾಷ್ಟ್ರೇ. ದಿನಾ ಜೊತೆಗೇ ಇರುವ ಸಣ್ಣ ಹೆಣ್ಣು ಹೆಕ್ಕಿ ಅಲ್ಲೇ ಪಕ್ಕದಲ್ಲಿ ಕೂತರೆ ಹರಕು ಕಿವಿ ಕೆರೆಯುವುದೇ ಇಲ್ಲ ಅನ್ನಬಹುದು. ಎಲ್ಲರನ್ನೂ ಓಡಿಸುವ ದೊಡ್ಡ ಹೆಣ್ಣು ಹೆಕ್ಕಿ ಎದ್ದು ಹೋದಾಗ ಮಾತ್ರ ಆ ಕಂಕುಳು ಕೆರೆತ. ಒಂಬತ್ತೇ ಸಲ ನೋಡಿದ್ದು, ಇನ್ನೂ ನೋಡಬೇಕು. ನಾಳೆಯಿಂದ ಆ ಸಣ್ಣ ಹೆಣ್ಣಿನ ಲೆಕ್ಕವನ್ನೂ ಬೇರೆ ಪುಟದಲ್ಲಿ ಬರೆಯುತ್ತೇನೆ.