ಸಹಾಯ ಬೇಕು: ಗೂಗಲ್ ಶೀಟಲ್ಲಿ ಒಂದೇ ಕಾಲಂ ಬದಲಾದಾಗ ಮಾತ್ರ ಮೇಲ್ ಬರೋ ಹಾಗೆ ಮಾಡೋದು ಹೇಗೆ?

ನಮಸ್ಕಾರ. ಶಿರಸಿ ಕಡೆಯವನು. ಚಾಲಿ ಅಡಿಕೆ ಸುಲಿಯೋ ಮಷಿನ್ ಬಾಡಿಗೆಗೆ ಬಿಡ್ತೇವೆ. ಬುಕಿಂಗ್‌ಗೆ ಒಂದು ಗೂಗಲ್ ಶೀಟ್ ಇದೆ: ಹೆಸರು, ಊರು, ತಾರೀಕು, ಎಷ್ಟು ಮೂಟೆ. ಊರವರೇ ಮೊಬೈಲಲ್ಲಿ ತುಂಬ್ತಾರೆ. ಮೋಡ ಕಂಡ್ರೆ ಸಾಕು, ತಾರೀಕು ಹಿಂದೆ ಮುಂದೆ ಮಾಡಿಬಿಡ್ತಾರೆ, ಫೋನ್ ಮಾತ್ರ ಮಾಡೋದಿಲ್ಲ! ಗಾಡಿ ಸಿದ್ದಾಪುರಕ್ಕೆ ಹೊರಟ ಮೇಲೆ ಯಲ್ಲಾಪುರದವರದ್ದು ಅದೇ ದಿನಕ್ಕೆ ಬಂದಿರುತ್ತೆ.

ಕಂಪ್ಯೂಟರಲ್ಲಿ ಟೂಲ್ಸ್ ಮೆನುವಿನ ನೋಟಿಫಿಕೇಶನ್ ಸೆಟ್ಟಿಂಗ್ಸಿಗೆ ಹೋಗಿ, ಏನೇ ಬದಲಾದ್ರೂ ತಕ್ಷಣ ಮೇಲ್ ಬರಲಿ ಅಂತ ಇಟ್ಟೆ. ಬರುತ್ತೆ, ಆದ್ರೆ ಯಾರೋ ಹೆಸರಿನ ಕಾಗುಣಿತ ತಿದ್ದಿದ್ರೂ ಬರುತ್ತೆ ಮಾರಾಯ್ರೆ. ದಿನಕ್ಕೊಮ್ಮೆ ಅಂತ ಇಟ್ರೆ ತಡ ಆಗುತ್ತೆ.

ಆಮೇಲೆ ಆ್ಯಪ್ಸ್ ಸ್ಕ್ರಿಪ್ಟಲ್ಲಿ (ಶೀಟಿಗೆ ಕೋಡ್ ಬರೆಯೋ ಗೂಗಲ್‌ನದ್ದೇ ಜಾಗ) ಆನ್‌ಎಡಿಟ್ ಫಂಕ್ಷನ್, ಅಂದ್ರೆ ಶೀಟ್ ತಿದ್ದಿದಾಗೆಲ್ಲ ತಾನೇ ಓಡೋ ಕೋಡ್ ಬರೆದು, ಮೂರನೇ ಕಾಲಂ ಆಗಿದ್ರೆ ಮಾತ್ರ ಮೇಲ್ ಕಳಿಸು ಅಂದೆ. ಮೇಲ್ ಕಳಿಸೋಕೆ ಅನುಮತಿ ಇಲ್ಲ ಅಂತ ಎರರ್. ಓದಿ ನೋಡಿದ್ರೆ, ಆನ್‌ಎಡಿಟ್ ಅನ್ನೋದು ಸಾದಾ ಟ್ರಿಗರ್ (ಕೋಡನ್ನ ತಾನಾಗೇ ಓಡಿಸೋ ವ್ಯವಸ್ಥೆ) ಅಂತೆ, ಅದು ಅನುಮತಿ ಬೇಕಾಗೋ ಕೆಲಸ ಮಾಡೋದಿಲ್ಲವಂತೆ, ಎಡಗಡೆ ಗಡಿಯಾರದ ಗುರುತು ಒತ್ತಿ ಬೇರೆ ಟ್ರಿಗರ್ ಸೇರಿಸ್ಬೇಕಂತೆ.

ಇಲ್ಲೇ ಸಿಕ್ಕಿಬಿದ್ದಿದ್ದೇನೆ. ಆ ಟ್ರಿಗರಿಗೂ ಇದೇ ಆನ್‌ಎಡಿಟ್ ಫಂಕ್ಷನ್ ಕೊಟ್ರೆ ಪ್ರತಿ ತಿದ್ದುಪಡಿಗೆ ಎರಡು ಸಲ ಓಡುತ್ತಾ? ಫಂಕ್ಷನ್ ಹೆಸರು ಬದಲಿಸಲೇಬೇಕಾ? ಮತ್ತೆ, ತಾರೀಕು ಮೊದಲು ಏನಿತ್ತು ಅನ್ನೋದೂ ಮೇಲಲ್ಲಿ ಬರೋ ಹಾಗೆ ಮಾಡೋದು ಹೇಗೆ? ಮಾಡಿದವರು ಇದ್ರೆ ಕೋಡ್ ಹಾಕಿ, ಪ್ಲೀಸ್.